ಬ್ಯಾರನ್ನಿನಲ್ಲಿ ಬೆಂದ ಗ್ಲೂಕೋಸು

ನಮ್ಮ ಸೋದರಮಾವನಷ್ಟು ಧೈರ್ಯಸ್ಥ ಇಡೀ ಪಿರಿಯಾಪಟ್ಟಣ ತಾಲ್ಲೂಕಿನಲ್ಲೇ ಇಲ್ಲ! ಹೊಲಕ್ಕೆ ಆನೆ ನುಗ್ಗಿದರೆ "ಓಗ್ಲಾ ಅತ್ಲಾಗೆ!" ಎಂದು ಗದರಿಸಿ ಬರುವ ಆಸಾಮಿ. ಅಂಥವನು ಹೆದರಿ ನಡುಗುತ್ತಿದ್ದುದು ಯಾವುದಕ್ಕೆ ಗೊತ್ತೆ? ಸಕ್ಕರೆಗೆ!

ಅತ್ತೆಗೆ ಸಕ್ಕರೆ ಕಾಯಿಲೆ ಬಂದಿತ್ತು. ಅದೇ ಕಾಯಿಲೆಯಲ್ಲಿ ಅವಳ ಅಕ್ಕ ಮೊದಲು ಕಾಲು, ಆಮೇಲೆ ಪ್ರಾಣವನ್ನೇ ಕಳೆದುಕೊಂಡಿದ್ದಳು. ಮಾವನ ಎದೆ ಹಾರಿಹೋಯಿತು. ಸಕ್ಕರೆ ಡಬ್ಬ ಕೊಟ್ಟಿಗೆಯ ಅಟ್ಟ ಸೇರಿತು. ಬಂದ ನೆಂಟರ ಚೀಲ ತಡಕುವುದೇನು, ಅತ್ತೆ ಅಡುಗೆಮನೆಯಿಂದ ಹೊರಗೆ ಬಂದರೆ "ಎಲ್ಲಿ, ಬಾಯಿ ತಗಿ" ಎನ್ನುವುದೇನು!

"ನಾನೇನು ಕೂಸಾ?"

"ಕೂಸಾಗಿದ್ರೆ ಎತ್ಕೊಂಡೇ ಕಾಯ್ತಿದ್ದೆ ಕಣೇ!"

ಆದರೆ ಅತ್ತೆಗೆ ಸಿಹಿ ಎಂದರೆ ಪ್ರಾಣ. ಹಬ್ಬದ ದಿನ ಎಲ್ಲರಿಗೂ ಒಬ್ಬಟ್ಟು ಬಡಿಸಿ, ತಾನು ಬರೀ ಮುದ್ದೆ ಉಂಡು ಎದ್ದಳು. ಮಾವನಿಗೆ ಕರುಳು ಚುರುಕ್ ಎಂದಿತು.

ಅದೇ ವಾರ ರೇಡಿಯೊದಲ್ಲಿ ಯಾರೋ, ಮಣ್ಣಿನ ಒಂದು ಬ್ಯಾಕ್ಟೀರಿಯಾ ತನ್ನ ಕಿಣ್ವದಿಂದ ಗ್ಲೂಕೋಸನ್ನು ಹಣ್ಣಿನ ಸಕ್ಕರೆಯಾಗಿ ಬದಲಾಯಿಸುತ್ತದೆ, ಅದಕ್ಕೆ ಒಳ್ಳೆಯ ಶಾಖ ಬೇಕು ಎನ್ನುತ್ತಿದ್ದರಂತೆ. ಅಷ್ಟರಲ್ಲಿ ಸೆಲ್ಲು ಮುಗಿದು ರೇಡಿಯೊ ಬಾಯಿ ಮುಚ್ಚಿತು. ಹಣ್ಣಿನ ಸಕ್ಕರೆಯಿಂದ ಸಕ್ಕರೆ ಕಾಯಿಲೆಯವರಿಗೆ ಅಪಾಯವಿಲ್ಲವೆಂದು ನಂಬಿದ್ದ ಮಾವನಿಗೆ ಅಷ್ಟೇ ಸಾಕಾಯಿತು! ಮಣ್ಣಿಗೇನು ಬರವೆ? ಶಾಖಕ್ಕೆ ಹೊಗೆಸೊಪ್ಪು ಬೇಯಿಸುವ ಬ್ಯಾರನ್ ಇದೆಯಲ್ಲ! ಗ್ಲೂಕೋಸ್ ಪುಡಿ, ನೀರು, ಹೊಲದ ಮಣ್ಣು ಎಲ್ಲವನ್ನೂ ಮಡಕೆಯಲ್ಲಿ ಕಲಸಿ, ಬಾಯಿಗೆ ಬಟ್ಟೆ ಕಟ್ಟಿ, ಬ್ಯಾರನ್ನಿನ ಬೆಚ್ಚನೆಯ ಗೋಡೆಗೆ ಆನಿಸಿಟ್ಟ. ಹಗಲೆಲ್ಲ ಅದರ ಮುಂದೆಯೇ ಕಾವಲು.

ಸ್ವಲ್ಪ ದಿನಕ್ಕೆ ಮಡಕೆ ಬುಸುಗುಟ್ಟತೊಡಗಿತು. ಸೌದೆ ಹಾಕುವ ಆಳು "ಯಜಮಾನ್ರೇ, ಅದ್ರೊಳ್ಗೆ ಏನೋ ಉಸ್ರಾಡ್ತದೆ! ನಾನೊಲ್ಲೆ ಬುಡಿ!" ಎಂದು ಕಾಲಿಗೆ ಬುದ್ಧಿ ಹೇಳಿದ.

ಆಗ ನಾನು ಮೈಸೂರಿನಲ್ಲಿ ಬಿ.ಎಸ್ಸಿ. ಓದುತ್ತಿದ್ದೆ. ರಜೆಗೆಂದು ಹೋಗಿ ಅಂಗಳಕ್ಕೆ ಕಾಲಿಟ್ಟರೆ ಮೂಗು ಕಿತ್ತುಹೋಗುವ ನಾತ! ಮಾವ ಮಡಕೆಯದನ್ನು ಸೋಸಿ, ತಾನು ಒಂದು ಗುಟುಕು ಕುಡಿದು, ಇನ್ನೂ ಬದುಕಿದ್ದೇನೆಂದು ಖಾತ್ರಿ ಮಾಡಿಕೊಂಡು, ಲೋಟವನ್ನು ಅತ್ತೆಯ ಕೈಗಿಟ್ಟಿದ್ದ. "ಇದು ಹಣ್ಣಿನ ಸಕ್ಕರೆ ಕಣಮ್ಮಿ. ನಿಮ್ಮತ್ತೆ ಇನ್ಮೇಲೆ ಒಟ್ಟೆ ತುಂಬ ಸಿಹಿ ತಿನ್ಬೋದು!" ಎಂದು ನನ್ನತ್ತ ನೋಡಿ ಬೀಗಿದ. ಮಡಕೆಯಲ್ಲಿ ಏನೇನು ಕಲಸಿದ್ದೆಂದು ಕೇಳಿ ತಿಳಿದದ್ದೇ ನಾನು ಚೀಲ ಬಿಸುಟು ಕೂಗಿಕೊಂಡೆ.

"ಮಾವಾ, ಬೇಡ! ಆ ಕಿಣ್ವ ಹಣ್ಣಿನ ಸಕ್ಕರೇನ ವಾಪಸ್ ಗ್ಲೂಕೋಸೂ ಮಾಡುತ್ತೆ! ಅತ್ಲಾಗೂ ಇತ್ಲಾಗೂ ತಿರುಗಿಸ್ತಾನೇ ಇರುತ್ತೆ, ಅತ್ತೆಗೆ ಆಗದ ಗ್ಲೂಕೋಸು ಅದರಲ್ಲಿ ಉಳ್ಕೊಂಡೇ ಇರುತ್ತೆ! ಅದೂ ಅಲ್ದೆ ಆ ಮಣ್ಣಿನಲ್ಲಿ ಎಂಥೆಂಥ ವಿಷಕ್ರಿಮಿ ಇದಾವೋ!"

ಲೋಟ ಅತ್ತೆಯ ತುಟಿಗೆ ತಾಗಿತ್ತು. ಮಾವ ಹಾರಿ ಅದನ್ನು ತಟ್ಟಿಬಿಟ್ಟ. ಲೋಟ ಠಣ್ಣೆಂದು ಉರುಳಿತು. ಅವನು ಅಲ್ಲೇ ಕುಸಿದು ಗಡಗಡ ನಡುಗುತ್ತಾ ಅತ್ತುಬಿಟ್ಟ.

"ನನ್ ಕೈಯಾರ ನಾನೇ ಕೊಟ್ಬುಡ್ತಿದ್ನಲ್ಲೇ... ಒಸಿ ಏನಾರ ಒಳಕ್ಕೋಯ್ತಾ? ಉಗಿಯೇ, ಉಗಿ!"

ಅತ್ತೆ ಉಗಿದು, ಬಾಯಿ ಮುಕ್ಕಳಿಸಿ ಬಂದು ಅವನ ಪಕ್ಕದಲ್ಲೇ ಕುಳಿತಳು. ಸೆರಗಿನಿಂದ ಅವನ ಕಣ್ಣು ಒರೆಸಿದಳು.

"ಆ ಗಬ್ಬುನಾತ ನನ್ ಮೂಗ್ಗೂ ಬಡೀತು ಕಣ್ರೀ," ಎಂದಳು. "ನಂಗೇಂತ ಅಷ್ಟು ದಿನ ಕಾಯ್ಕೊಂಡು ಕೂತಿದ್ರಲ್ಲ, ಬ್ಯಾಡ ಅನ್ನಕ್ಕೆ ಮನಸ್ಸು ಬರ್ನಿಲ್ಲ."