‘ಹೂವಿನಂಗಳ’ಕ್ಕೆ ಮರಳಿ ಬಂದವರು

ಎಷ್ಟೋ ಕಾಲ ಮುಚ್ಚಿಟ್ಟಿದ್ದನ್ನು ಮತ್ತೆ ತೆರೆದರೆ ಒಳಗಿಂದ ಜಿರಳೆಗಳು ಮಾತ್ರವಲ್ಲ, ಇಂಥ ಪ್ರಸಂಗಗಳೂ ಒಂದರ ಹಿಂದೊಂದು ಬರುತ್ತಲೇ ಇರುತ್ತವೆ.

ಮೂಡಿಗೆರೆಯಲ್ಲಿ ನಾನು ಕಂಪ್ಯೂಟರ್ ಕ್ಲಾಸ್ ನಡೆಸುತ್ತಿದ್ದ ಕಾಲದಲ್ಲಿ, ಹೂಗಿಡದ ಹುಚ್ಚಿರುವವರಿಗಾಗಿ ಇಂಟರ್‌ನೆಟ್‌ನಲ್ಲಿ ‘ಹೂವಿನಂಗಳ’ ಎಂಬ ಚರ್ಚಾ ತಾಣ ಮಾಡಿದ್ದೆ. ಒಬ್ಬರು ಪ್ರಶ್ನೆ ಬರೆದರೆ ಉಳಿದವರು ಅದರ ಕೆಳಗೇ ಉತ್ತರ ಬರೆಯಬೇಕು. ಕರೆಂಟು ಬಂದ ದಿನ ಬರೆದರಾಯಿತು, ಅವಸರವಿಲ್ಲ. ಆಮೇಲೆ ಎಲ್ಲರ ಕೈಗೂ ಸ್ಮಾರ್ಟ್‌ಫೋನ್ ಬಂತು, ಎಲ್ಲರೂ ವಾಟ್ಸಾಪ್ ಗುಂಪಿಗೆ ಹೊರಟುಹೋದರು. ಅಂಗಳ ಖಾಲಿಯಾಯಿತು. ಅಳಿಸಿಹಾಕಲು ಮನಸ್ಸು ಬಾರದೆ ಹಾಗೇ ಉಳಿಸಿಕೊಂಡಿದ್ದೆ. ಹೋದ ಮಳೆಗಾಲದಲ್ಲಿ ಅದಕ್ಕೆ ಮತ್ತೆ ಜೀವ ಬಂತು. ಕಾರಣ, ಒಂದು ಸಾವು.

ಮತ್ತೆ ಚಿಗುರುತ್ತೆ

ಒಂದು ಬೆಳಿಗ್ಗೆ ವಾಟ್ಸಾಪ್ ಗುಂಪಿನಲ್ಲಿ ಯಾರೋ ಒಬ್ಬರು, ಗುಲಾಬಿ ಗಿಡ ಒಣಗುತ್ತಿದೆ, ಏನು ಮಾಡಲಿ ಎಂದು ಕೇಳಿದ್ದರು. ಹಿಂದೆಯೇ ಶುಭೋದಯದ ಚಿತ್ರಗಳು ಸಾಲಾಗಿ ಬಂದವು. ಅವುಗಳ ನಡುವೆ ಚಿಕ್ಕಮಗಳೂರಿನ ಬಟ್ಟೆ ಅಂಗಡಿಯವರು ತಮ್ಮ ದೊಡ್ಡಪ್ಪ ತೀರಿಕೊಂಡ ಸುದ್ದಿ ಹಾಕಿದರು. ಅಷ್ಟರಲ್ಲಿ ಕಳಸದ ನಿವೃತ್ತ ಟೀಚರ್ ಒಂದೊಂದೇ ಅಕ್ಷರ ಒತ್ತಿ ಗುಲಾಬಿಗೆ ಉತ್ತರ ಬರೆದು ಮುಗಿಸಿದ್ದರು. ಅದು ಹೋಗಿ ಸಾವಿನ ಸುದ್ದಿಯ ಕೆಳಗೆ ಕೂತಿತು:

“ಗಾಬರಿ ಬೇಡ. ಬುಡಕ್ಕೆ ಸ್ವಲ್ಪ ಬೇವಿನ ಹಿಂಡಿ ಹಾಕಿ. ಮತ್ತೆ ಚಿಗುರುತ್ತೆ.”

ಟೀಚರ್ ನನಗೆ ಫೋನ್ ಮಾಡಿ ಅಳುವುದೊಂದು ಬಾಕಿ. ಅಂಗಡಿಯವರ ಮನೆಗೆ ಹೋಗಿ ಕ್ಷಮೆ ಕೇಳಿ ಬರುತ್ತೇನೆ ಎಂದು ಕೊಡೆ ಕೈಗೆತ್ತಿಕೊಂಡಿದ್ದರಂತೆ. ಆದರೆ ಅಂಗಡಿಯವರೇ ಸಂಜೆ ನನಗೆ ಫೋನ್ ಮಾಡಿದರು. ಹೆಣದ ಮುಂದೆ ಕೂತಿದ್ದ ದೊಡ್ಡಮ್ಮ ಯಾರೋ ಅದನ್ನು ಓದಿದ್ದು ಕೇಳಿ ಆ ದಿನ ಮೊದಲ ಸಲ ನಕ್ಕರಂತೆ. ಆಮೇಲೆ ಅಂಗಡಿಯವರು ಮೆಲ್ಲಗೆ ಹೇಳಿದರು: “ನಮ್ಮ ಹಳೇ ಅಂಗಳನೇ ತೆರೀರಿ ಮೇಡಂ. ಅಲ್ಲಿ ಗುಲಾಬಿ ಗುಲಾಬಿ ಹತ್ರ ಇರುತ್ತೆ, ದೊಡ್ಡಪ್ಪ ದೊಡ್ಡಪ್ಪನ ಹತ್ರ.”

ಗುಪ್ತ ಪ್ರಶ್ನೆ

ತೆರೆದೆ. ಆದರೆ ಒಳಗೆ ಬರಲು ಯಾರಿಗೂ ಪಾಸ್‌ವರ್ಡ್ ನೆನಪಿಲ್ಲ. ಮರೆತವರಿಗೆಂದು ನಾನು ಹಿಂದೆ ಒಂದು ಗುಪ್ತ ಪ್ರಶ್ನೆ ಇಟ್ಟಿದ್ದೆ: ನಿಮಗೆ ಅತ್ಯಂತ ಪ್ರೀತಿಪಾತ್ರರು ಯಾರು?

ದೇವರಮನೆ ಬೆಟ್ಟದ ಕಡೆಯ ಎಸ್ಟೇಟಿನ ಯಜಮಾನರು ಸ್ಪೀಕರ್ ಹಾಕಿಕೊಂಡೇ ನನಗೆ ಫೋನ್ ಮಾಡಿದರು. ಪಕ್ಕದಲ್ಲಿ ಹೆಂಡತಿ. ಯಜಮಾನರು ಧೈರ್ಯವಾಗಿ ಹೆಂಡತಿಯ ಹೆಸರು ಹಾಕಿದರು. ತಪ್ಪು ಎಂದು ಬಂತು. ಕಾಗುಣಿತ ಬದಲಿಸಿ ನೋಡಿದರು. ಮತ್ತೆ ತಪ್ಪು. ಮಗಳ ಹೆಸರು, ತಾಯಿಯ ಹೆಸರು, ಕೊನೆಗೆ ಮನೆದೇವರ ಹೆಸರು. ಯಾವುದಕ್ಕೂ ಬಾಗಿಲು ತೆರೆಯಲಿಲ್ಲ. ಆಗ ಯಜಮಾನರ ಹೆಂಡತಿ ಶಾಂತವಾಗಿ, “ಜಿಮ್ಮಿ ಅಂತ ಹಾಕಿ” ಎಂದರು. ತೆರೆಯಿತು. ಜಿಮ್ಮಿ ಅಂದರೆ ಆಗ ಅವರ ಮನೆಯಲ್ಲಿದ್ದ ನಾಯಿ.

ಪಾಪ, ಯಜಮಾನರು ಇಡೀ ದಿನ ತೋಟದಿಂದ ಮನೆಗೇ ಬರಲಿಲ್ಲವಂತೆ. ಮಾರನೆಯ ದಿನ ಅವರ ಹೆಂಡತಿ ತಮ್ಮ ಖಾತೆ ತೆರೆಸಿಕೊಳ್ಳಲು ಫೋನ್ ಮಾಡಿದರು. ಗುಪ್ತ ಪ್ರಶ್ನೆಗೆ ಏನು ಉತ್ತರ ಕೊಟ್ಟಿದ್ರಿ ಎಂದು ಕೇಳಿದೆ. ದನಿ ತಗ್ಗಿಸಿ ಹೇಳಿದರು: “ನಂದೂ ಜಿಮ್ಮೀನೇ. ಅವ್ರಿಗೆ ಹೇಳ್ಬೇಡಿ.”

ನೀಲಿ ಜಗಳ

ಅಂಗಳದಲ್ಲಿ ಹಳೆಯ ಜಗಳಗಳೂ ಹಾಗೇ ಇದ್ದವು. ಗುಲಾಬಿಗೆ ಉತ್ತರ ಬರೆದ ಕಳಸದ ಟೀಚರ್‌ಗೂ ಸಂಸೆಯಲ್ಲಿರುವ, ನಾವೆಲ್ಲ ಅಕ್ಕ ಎಂದು ಕರೆಯುವ ಹಿರಿಯ ಸದಸ್ಯೆಗೂ ಹಿಂದೆ ಹೈಡ್ರೇಂಜಿಯಾದ ವಿಷಯದಲ್ಲಿ ದೊಡ್ಡ ವಾಗ್ವಾದ ಆಗಿತ್ತು. ಮಣ್ಣಿನ ಹುಳಿಯಿಂದ ಹೂ ನೀಲಿಯಾಗುತ್ತದೆ ಎಂದು ಟೀಚರ್. ಬುಡದಲ್ಲಿ ತುಕ್ಕು ಹಿಡಿದ ಮೊಳೆ ಹೂತರೆ ಮಾತ್ರ ಎಂದು ಅಕ್ಕ. ಅದೇ ನೆಪದಲ್ಲಿ ಇಬ್ಬರ ಮಾತೂ ನಿಂತಿತ್ತು.

ಸಂಸೆಯ ಅಕ್ಕ ಆ ಹಳೆಯ ಬರಹ ಓದುತ್ತಾ ಅದು ಹಳೆಯದು ಎಂಬುದನ್ನೇ ಮರೆತರು. ಸಿಟ್ಟು ಬಂದು ಉತ್ತರ ಬರೆದೇಬಿಟ್ಟರು. ಟೀಚರ್ ಬಿಡುತ್ತಾರೆಯೇ? ಮಧ್ಯಾಹ್ನದೊಳಗೆ ಅವರ ಉತ್ತರ ಬಂತು. ವಾರವಿಡೀ ಹೀಗೇ ನಡೆಯಿತು. ಈಗಷ್ಟೇ ಕಣ್ಣು ಬಿಟ್ಟ ಅಂಗಳ ಮತ್ತೆ ಮುಚ್ಚಿಹೋದೀತು ಎಂದು ಹೆದರಿ ನಾನು ಆ ಚರ್ಚೆಗೆ ಬೀಗ ಹಾಕಿದೆ.

ಅರ್ಧ ಗಂಟೆಯಲ್ಲಿ ಇಬ್ಬರೂ ಒಟ್ಟಿಗೇ ಫೋನ್ ಮಾಡಿದರು. ಟೀಚರ್ ಆ ಬೆಳಿಗ್ಗೆಯೇ ಬಸ್ಸು ಹತ್ತಿ ಸಂಸೆಗೆ ಹೋಗಿ, ಅಕ್ಕನ ಜಗಲಿಯಲ್ಲಿ ಕೂತು ನೀರುದೋಸೆ ತಿನ್ನುತ್ತಿದ್ದರಂತೆ. “ಬೀಗ ತೆಗಿ ಮಾರಾಯ್ತಿ,” ಎಂದರು ಅಕ್ಕ. “ಇಷ್ಟು ವರ್ಷ ಆದ್ಮೇಲೆ ಒಬ್ರು ಜಗಳಕ್ಕೆ ಸಿಕ್ಕಿದ್ದಾರೆ. ಎದುರಿಗೆ ಕೂತ್ರೆ ಜಗಳ ಬರೋದೇ ಇಲ್ಲ.”

ಉತ್ತರ ಸಿಗದ ಪ್ರಶ್ನೆ

ಕೊನೆಯದು ನಮ್ಮ ಮನೆಯದೇ.

ನನ್ನ ಮದುವೆಯ ವರ್ಷ ತಾಯಿ ಕೊಟ್ಟ ಹಳದಿ ಡೇರೆ ಹೂವಿನ ಗಡ್ಡೆಗಳು ನನ್ನಲ್ಲಿದ್ದವು. ಪ್ರತಿ ಬೇಸಿಗೆಯಲ್ಲಿ ಕಿತ್ತು, ಸೌದೆ ಕೊಟ್ಟಿಗೆಯಲ್ಲಿ ಗೋಣಿಚೀಲದೊಳಗೆ ಇಡುತ್ತಿದ್ದೆ. ಒಂದು ವರ್ಷ ನೋಡಿದರೆ ಚೀಲ ಖಾಲಿ. ಅಮ್ಮ ಅದರ ಹಿಂದಿನ ವರ್ಷವಷ್ಟೇ ತೀರಿಹೋಗಿದ್ದರು. ಕೊಟ್ಟಿಗೆಯಲ್ಲೇ ಕೂತು ಅತ್ತಿದ್ದೆ. ನಮ್ಮನೆಯವರು ಬಂದು ನೋಡಿ, ಮುಳ್ಳುಹಂದಿಯ ಕೆಲಸ ಎಂದರು. ಕೊಟ್ಟಿಗೆಗೆ ತಾವೇ ತಂತಿ ಬಲೆ ಹೊಡೆದರು. ಆ ವರ್ಷ ಕಂಡಕಂಡ ನರ್ಸರಿಗಳಿಂದ ಡೇರೆ ತಂದು ಕೊಟ್ಟರು. ಯಾವುದೂ ಆ ಹಳದಿಯಲ್ಲ.

ಈಗ ಅಂಗಳದ ಮೂಲೆ ಗುಡಿಸುತ್ತಿದ್ದಾಗ, ಎಲ್ಲರೂ ವಾಟ್ಸಾಪ್‌ಗೆ ಹೋದ ಮೇಲೆ ಬಂದು, ಯಾರೂ ನೋಡದೆ ಉಳಿದ ಒಂದು ಪ್ರಶ್ನೆ ಸಿಕ್ಕಿತು. ಹೆಸರಿಲ್ಲ.

“ಗೆಣಸು ಅಂದುಕೊಂಡು ಮನೆಯವಳ ಡೇರೆ ಗಡ್ಡೆ ಕೆಂಡದಲ್ಲಿ ಸುಟ್ಟು ತಿಂದಿದ್ದೇನೆ. ಅವಳ ಅಮ್ಮ ಕೊಟ್ಟಿದ್ದು. ಮುಳ್ಳುಹಂದಿ ಅಂತ ಹೇಳಿದ್ದೇನೆ. ಇದು ವಿಷವೇ? ವಿಷ ಅಲ್ಲದಿದ್ದರೆ, ಅವಳಿಗೆ ಹೇಗೆ ಹೇಳೋದು?”

ಎರಡು ಸಲ ಓದಿದೆ. ಸಿಟ್ಟು ಬರುವುದನ್ನು ಕಾದೆ. ಬಂದದ್ದು ಬೇರೆಯೇ. ಪಕ್ಕದ ಕೋಣೆಯಲ್ಲಿ ಅವರು ಪೇಪರ್ ಮಗುಚುತ್ತಿದ್ದರು. ಆ ಪ್ರಶ್ನೆಯ ಕೆಳಗೆ ಉತ್ತರ ಬರೆದೆ: “ವಿಷವಲ್ಲ. ನೀವು ಚೆನ್ನಾಗಿಯೇ ಇದ್ದೀರಿ. ಹೊರಗೆ ಬನ್ನಿ, ಕಾಫಿ ಆಗಿದೆ.”

ಉತ್ತರ ಬಂದ ಸದ್ದಿಗೆ ಪೇಪರ್ ಬಿಟ್ಟು, ಫೋನ್ ಹಿಡಿದುಕೊಂಡೇ ಬಂದರು. ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದರು. “ರುಚೀನೂ ಇರ್ಲಿಲ್ಲ ಕಣೇ,” ಎಂದರು.

ಅಂಗಳದಲ್ಲಿ ಬರೆದದ್ದು ಎಲ್ಲರಿಗೂ ಕಾಣುತ್ತದೆ ಎಂಬುದು ನನಗೆ ಹೊಳೆಯುವಷ್ಟರಲ್ಲಿ ಸಂಸೆಯ ಅಕ್ಕ ಕೆಳಗೆ ಫೋಟೋ ಹಾಕಿದ್ದರು. ಅವರ ಮನೆಯಂಗಳದ ತುಂಬ ಅದೇ ಹಳದಿ ಡೇರೆ. ಯಾವುದೋ ವರ್ಷ ನಾನೇ ಅವರಿಗೊಂದು ಗಡ್ಡೆ ಕೊಟ್ಟಿದ್ದೆನಂತೆ. ನನಗೆ ನೆನಪೇ ಇರಲಿಲ್ಲ. ಫೋಟೋದ ಕೆಳಗೆ ಬರೆದಿದ್ದರು:

“ಬೇಸಿಗೆಯಲ್ಲಿ ಗಡ್ಡೆ ಕಿತ್ತು ಬಸ್ಸಿನಲ್ಲಿ ಕಳಿಸ್ತೀನಿ. ಜೊತೆಗೆ ಬೇರೆ ಚೀಲದಲ್ಲಿ ಗೆಣಸೂ ಇರುತ್ತೆ. ಭಾವನಿಗೆ ಮೊದಲು ಗೆಣಸು ತಿನ್ನಿಸಿ, ಹೊಟ್ಟೆ ತುಂಬಿದ ಮೇಲೆ ಡೇರೆ ಚೀಲ ಬಿಚ್ಚು.”