ಮಾಮಾನ ಮೂರನೆಯ ಪುಟ

ನಮ್ಮ ಮಾಮಾ ತನ್ನ ಜನ್ಮದಲ್ಲಿ ಒಂದು ಪುಸ್ತಕವನ್ನೂ ಕೊನೆಯವರೆಗೆ ಓದಿಲ್ಲ. ಇದನ್ನು ನಾನು ಅವನ ಎದುರೇ ಹೇಳಬಲ್ಲೆ. ಅವನು ಸಿಟ್ಟಾಗುವುದಿಲ್ಲ, "ಕೊನೀತನ ಯಾಕ ಹೋಗಬೇಕಲೇ?" ಎಂದು ನನ್ನನ್ನೇ ಕೇಳುತ್ತಾನೆ. ಆದರೆ ಕೈಗೆ ಸಿಕ್ಕ ಯಾವ ಪುಸ್ತಕದ ಪರಿವಿಡಿಯನ್ನೂ ಅವನು ಓದದೆ ಬಿಟ್ಟದ್ದಿಲ್ಲ! ಬೀಜದ ಅಂಗಡಿಯವರು ಪುಕ್ಕಟೆ ಹಂಚುವ ಪುಸ್ತಿಕೆಯಿರಲಿ, ನನ್ನ ತಂಗಿಯ ವಿಜ್ಞಾನದ ಪಠ್ಯವಿರಲಿ, ತೆರೆಯುವುದು ಪರಿವಿಡಿಯಲ್ಲಿ, ಮುಚ್ಚುವುದೂ ಪರಿವಿಡಿಯಲ್ಲಿ. ನಾಳೆ ಮೇಲಿನ ಲೋಕದಲ್ಲಿ ಚಿತ್ರಗುಪ್ತ ಇವನ ಪಾಪಪುಣ್ಯದ ಪುಸ್ತಕ ಬಿಚ್ಚಿದರೆ, "ಸಾಹೇಬ್ರ, ಪರಿವಿಡಿ ಎಲ್ಲಿ ಹಾಕೀರಿ? ಅಕ್ಷರ ಭಾಳ ಸಣ್ಣ ಆಗ್ಯಾವಲ್ಲರಿ!" ಎಂದು ಇವನು ಕೇಳದಿದ್ದರೆ ನಾನು ಮಿಮಿಕ್ರಿ ಬಿಟ್ಟು ತೊಗರಿ ಮಾರುತ್ತೇನೆ.

ಮಾಮಾ ಎಂದರೆ ನಮ್ಮವ್ವನ ತಮ್ಮ. ಆಳಂದದ ಬಸ್ ನಿಲ್ದಾಣದ ಎದುರು ಅವನದೊಂದು ಝೆರಾಕ್ಸ್ ಮತ್ತು ಡಿಟಿಪಿ ಅಂಗಡಿ. ಮದುವೆ ಕಾರ್ಡು, ಅರ್ಜಿ, ಆಧಾರ್ ನಕಲು ಇವೆಲ್ಲ ಹೊಟ್ಟೆಪಾಡು. ಹುಚ್ಚು ಮಾತ್ರ ಬೇರೆ. ತಿಂಗಳಿಗೊಮ್ಮೆ ಒಂದು ಸಂಗೀತ ಪತ್ರಿಕೆ ತರುತ್ತಾನೆ. ನಮ್ಮ ಸೀಮೆಯ ಭಜನೆ, ತತ್ವಪದ, ತಬಲಾ, ಕವ್ವಾಲಿ, ಹಾರ್ಮೋನಿಯಂ ರಿಪೇರಿ ಎಲ್ಲವೂ ಅದರಲ್ಲಿ. ಪತ್ರಿಕೆಯ ಹೆಸರನ್ನು ಇಲ್ಲಿ ಹೇಳುವುದಿಲ್ಲ. ಹೇಳಿದರೆ ನಿಮ್ಮ ಮನೆ ಹುಡುಕಿಕೊಂಡು ಬಂದು ಚಂದಾದಾರರನ್ನಾಗಿ ಮಾಡಿಯೇ ಏಳುತ್ತಾನೆ. ಆಮೇಲೆ ನನ್ನನ್ನು ಬೈಯಬಾರದು!

ಲೇಖನಗಳನ್ನು ಯಾರೋ ಬರೆಯುತ್ತಾರೆ, ಯಾರೋ ತಿದ್ದುತ್ತಾರೆ. ಮಾಮಾನ ಜೀವವೆಲ್ಲ ಮೂರನೆಯ ಪುಟದಲ್ಲಿ, ಅಂದರೆ ಪರಿವಿಡಿಯಲ್ಲಿ.

"ಮುಖಪುಟ ಅಂದ್ರ ಮದಿವಿ ಮಂಟಪ ಇದ್ದಂಗ ಅಳಿಯಾ. ಮಂದಿ ಬರ್ತಾರ, ಅಕ್ಕಿಕಾಳ ಒಗೀತಾರ, ಹೊಂಟ ಬಿಡ್ತಾರ. ಪರಿವಿಡಿ ಅಂದ್ರ ಅಡಿಗಿಮನಿ ಬಾಗಲಾ! ಅಲ್ಲಿಂದ ವಾಸನಿ ಬಂತಂದ್ರನ ಮಂದಿ ಒಳಗ ಬಂದು ಕೂಡ್ತಾರ."

"ಒಳಗ ಅನ್ನ ಹತ್ತಿ ಕರೀ ಆಗಿದ್ರ, ಮಾಮಾ?"

"ಅದು ಬರದವರ ತಪ್ಪು!"

ಈ ಬಾಗಿಲಿನ ವಾಸನೆ ಯಾರ ಮೂಗಿಗೆ ಎಷ್ಟು ಹತ್ತಿತು ಎಂದು ತಿಳಿಯುವುದು ಹೇಗೆ? ಅದಕ್ಕೆ ಅವನು ಇಟ್ಟುಕೊಂಡ ಉಪಕರಣ ನಾನೇ. ನಾನು ಹುಟ್ಟಾ ಅಣಕಿಸುವವನು. ಸಾಲಿಯಲ್ಲಿ ಹೆಡ್‌ಮಾಸ್ತರರನ್ನು ಅಣಕಿಸಿ ಏಟು ತಿಂದೆ, ಬಸ್ಸಿನಲ್ಲಿ ಕಂಡಕ್ಟರನ್ನು ಅಣಕಿಸಿ ನಡುದಾರಿಯಲ್ಲಿ ಇಳಿದೆ, ಒಂದು ಬೀಗರೂಟದಲ್ಲಿ ಬೀಗರನ್ನೇ ಅಣಕಿಸಿ ಊಟ ಬಿಟ್ಟು ಎದ್ದೆ. ಈ ಮೂತಿಯೂ ಅಷ್ಟೇ, ಯಾರದನ್ನು ಬೇಕಾದರೂ ಹಾಕಿಕೊಳ್ಳಬಹುದು, ಏಕೆಂದರೆ ಸ್ವಂತದ್ದೆಂದು ಹೇಳಿಕೊಳ್ಳುವಂಥದ್ದೇನೂ ಅದರಲ್ಲಿಲ್ಲ! ಇಡೀ ತಾಲೂಕಿನಲ್ಲಿ ನನ್ನ ಅಣಕಕ್ಕೆ ಬೈಗುಳದ ಬದಲು ಕುರ್ಚಿ, ಚಹಾ ಮತ್ತು ಬಿಸಿ ಮಿರ್ಚಿಭಜಿ ಕೊಟ್ಟ ಮೊದಲ ಮನುಷ್ಯ ನಮ್ಮ ಮಾಮಾ. ಆ ಉಪಕಾರ ನನ್ನ ಮೇಲೆ ಇನ್ನೂ ಇದೆ. ಭಜಿಯ ತೂಕವೂ ಇದೆ.

ನನ್ನ ಕೆಲಸ ಇಷ್ಟೇ. ಬಸ್ ನಿಲ್ದಾಣದ ಪುಸ್ತಕದಂಗಡಿಯ ಬಳಿ ನಿಲ್ಲುವುದು. ಯಾರಾದರೂ ಪತ್ರಿಕೆ ಎತ್ತಿ ಮೂರನೆಯ ಪುಟ ತೆರೆದರೆ ಅವರ ಕಣ್ಣು, ಹುಬ್ಬು, ತುಟಿ, ಹೆಬ್ಬೆರಳು ಎಲ್ಲವನ್ನೂ ನೆನಪಿಡುವುದು. ಓಡಿ ಬಂದು ಮಾಮಾನ ಮುಂದೆ ಅವರೇ ಆಗಿಬಿಡುವುದು! ಅವನು ಕಂಪ್ಯೂಟರಿನ ಮುಂದೆ ಕುಳಿತು, ನನ್ನ ಹುಬ್ಬು ಎಲ್ಲಿ ಏರಿತೋ ಅಲ್ಲಿ ಅಕ್ಷರ ದಪ್ಪ ಮಾಡುತ್ತಿದ್ದ. ಎಲ್ಲಿ ಆಕಳಿಸಿದೆನೋ ಅಲ್ಲಿ ಬಣ್ಣ ತುಂಬುತ್ತಿದ್ದ. ಒಮ್ಮೆ ನಾನು ನಿಜವಾಗಿಯೇ ಆಕಳಿಸಿದ್ದಕ್ಕೆ ಒಂದು ಇಡೀ ಅಂಕಣ ಕೆಂಪಾಗಿ ಹೋಯಿತು!

ಮೊದಲ ಪರಿವಿಡಿಯನ್ನು ಅವನು ಫ್ಲೆಕ್ಸಿನ ಮಾದರಿಯಲ್ಲಿ ಮಾಡಿದ್ದ. ನಮ್ಮ ಕಡೆಯ ಫ್ಲೆಕ್ಸು ಗೊತ್ತಲ್ಲ? ನಡುವೆ ಹುಟ್ಟುಹಬ್ಬದವರ ದೊಡ್ಡ ಮುಖ, ಕೆಳಗೆ ಶೇಂಗಾ ಸುರಿದಂತೆ ಶುಭಕೋರುವವರ ಸಣ್ಣ ಮುಖಗಳು. ಹಾಗೆಯೇ ಹಾಡುವವರು, ಬಾರಿಸುವವರು, ತಾಳ ಹಿಡಿದು ಹಿಂದೆ ಕುಳಿತವರು ಎಲ್ಲರ ಮುಖಗಳೂ ಒಂದೇ ಪುಟದಲ್ಲಿ! ಜನ ಪತ್ರಿಕೆ ಎತ್ತಿದರು, ಮೂಗಿನ ಹತ್ತಿರ ತಂದರು, ಮುಖಗಳನ್ನೆಲ್ಲ ಹುಡುಕಿದರು, ಇಟ್ಟರು, ಹೋದರು. ನಾನು ಅಂಗಡಿಗೆ ಬಂದು ಒಬ್ಬ ಧೋತರದ ಹಿರಿಯರಾಗಿ ಮಾಡಿ ತೋರಿಸಿದೆ.

"ಎಲ್ಲಾ ನೋಡಿದ್ರು ಮಾಮಾ. 'ಇದರಾಗ ನಮ್ಮ ಸಡ್ಡಕ ಇಲ್ಲಲ್ಲೋ' ಅಂದು ಇಟ್ಟು ಹೋದ್ರು."

ಮಾಮಾ ಚಿಂತೆಗೆ ಬಿದ್ದ. ಅಂಗಡಿಯ ಗೋಡೆಯ ಮೇಲೆ ಬುದ್ಧನದೊಂದು ಫೋಟೋ ಇದೆ. ಅದನ್ನು ನೋಡುತ್ತ ಕುಳಿತವನು ದಿಢೀರನೆ ಎದ್ದು, "ನೋಡಲೇ! ಸುತ್ತ ಎಷ್ಟು ಖಾಲಿ ಜಾಗ! ಅದಕ್ಕ ಕಣ್ಣು ಸೀದಾ ಮುಖಕ್ಕ ಹೋಗ್ತದ. ಖಾಲಿ ಬಿಡಬೇಕಲೇ, ಖಾಲಿ!" ಎಂದು ಕುಣಿದ.

ಮುಂದಿನ ಸಂಚಿಕೆಯಲ್ಲಿ ಜೇವರ್ಗಿಯ ತಬಲಾ ಉಸ್ತಾದರ ಸಂದರ್ಶನವಿತ್ತು. ಪರಿವಿಡಿಯ ನಡುವೆ ಉಸ್ತಾದರದೊಂದೇ ಫೋಟೋ, ಸುತ್ತ ಬಿಳಿ ಬಯಲು, ಕೆಳಗೆ ಅವರ ಹೆಸರು. ಮಿಕ್ಕ ಲೇಖನಗಳು ತಳದಲ್ಲಿ ಇರುವೆ ಸಾಲಿನಷ್ಟು ಸಣ್ಣಗೆ. ನೋಡಲು ಬಹಳ ಗಂಭೀರವಾಗಿತ್ತು. ಗಂಭೀರವಾಗಿದ್ದದ್ದೇ ತಪ್ಪಾಯಿತು! ನಮ್ಮ ಸೀಮೆಯಲ್ಲಿ ಒಬ್ಬ ಹಿರಿಯರ ಫೋಟೋ ಒಂದೇ ಇದ್ದು, ಸುತ್ತ ಏನೂ ಇಲ್ಲದೆ ಕೆಳಗೆ ಹೆಸರು ಮಾತ್ರ ಇದ್ದರೆ ಅದಕ್ಕೆ ಒಂದೇ ಅರ್ಥ. ಬದುಕಿರುವವರ ಫೋಟೋದ ಕೆಳಗೆ ಶುಭಕೋರುವವರು ಇರಬೇಕಲ್ಲ!

ಪತ್ರಿಕೆ ಅಂಗಡಿ ತಲುಪಿದ ಮರುದಿನವೇ ಉಸ್ತಾದರ ಫೋನು ಬಂತು.

"ಅರೆ ಮಿಯಾ, ಏನ್ ಮಾಡಿಟ್ಟೀರಿ? ಅಫಜಲಪುರದಿಂದ ನನ್ನ ಹತ್ರ ಕಲ್ತ ಶಾಗಿರ್ದ ಗೋರಿಗಿ ಹಾಕೂ ಹೂವಿನ ಚಾದರ ಹಿಡಕೊಂಡು ಅಳಕೋತ ಬಂದಾನ. ಬಾಗಲಾ ತೆಗದವ ನಾನ! ನನ್ನ ಮಾರಿ ನೋಡಿ ಇನ್ನೂ ಜೋರ ಅಳಾಕತ್ಯಾನ!"

"ಮಾಫ್ ಮಾಡ್ರಿ ಉಸ್ತಾದ್ರ. ನನ್ನ ತಪ್ಪಲ್ರಿ, ಖಾಲಿ ಜಾಗದ ತಪ್ಪರಿ..."

"ತಪ್ಪು ಹೋಗ್ಲಿ ಬಿಡ್ರಿ. ಇನ್ನಷ್ಟು ಪ್ರತಿ ಕಳಸ್ರಿ. ಯಾರ್ಯಾರು ಅಳಕೋತ ಬಂದ್ರು, ಯಾರ್ಯಾರು ಬರಲಿಲ್ಲ, ಎಲ್ಲಾ ಗೊತ್ತಾತು ನನಗ. ಬರಲಾರದವರ ಮನೀಗಿ ಒಂದೊಂದು ಮುಟ್ಟಸಬೇಕು!"

ಆ ಸಂಚಿಕೆಯ ಒಂದು ಪ್ರತಿಯೂ ಅಂಗಡಿಯಲ್ಲಿ ಉಳಿಯಲಿಲ್ಲ. ಆದರೆ ಪ್ರತಿ ತಿಂಗಳೂ ಒಬ್ಬೊಬ್ಬ ಕಲಾವಿದರನ್ನು ಹೀಗೆ ಮೇಲಿನ ಲೋಕಕ್ಕೆ ಕಳಿಸಿಕೊಡಲು ಸಾಧ್ಯವೇ?

ಆಮೇಲೆ ಊರ ಹೆಸರುಗಳ ಕಾಲ ಬಂತು. ಜನ ಲೇಖನದ ಶೀರ್ಷಿಕೆ ಓದುವುದಿಲ್ಲ, ತಮ್ಮೂರ ಹೆಸರು ಕಂಡರೆ ನಿಲ್ಲುತ್ತಾರೆ ಎಂದು ನನ್ನ ಹುಬ್ಬುಗಳು ಸಾಕ್ಷಿ ಹೇಳಿದ್ದವು. ಸರಿ, ಶೀರ್ಷಿಕೆ ಸಣ್ಣದು, ಊರು ದಪ್ಪ: ಮಟಕಿ, ಗೊಬ್ಬೂರ, ಜೇವರ್ಗಿ. ಮಾರಾಟವೇನೋ ಆಯಿತು. ವಾರದಲ್ಲೇ ಗೊಬ್ಬೂರಿನವರೊಬ್ಬರು ಪತ್ರಿಕೆಯನ್ನು ಸುರುಳಿ ಸುತ್ತಿ, ಬಡಿಗೆ ಹಿಡಿದಂತೆ ಹಿಡಿದು ಅಂಗಡಿಗೆ ಬಂದರು.

"ಏನ್ರಿ, ನಮ್ಮೂರ ಹೆಸರು ಇಷ್ಟು ದಪ್ಪ ಹಾಕೀರಿ. ಒಳಗ ನೋಡಿದ್ರ, 'ಗೊಬ್ಬೂರದಾಗ ಹಾರ್ಮೋನಿಯಂ ಕೆಟ್ಟಿತ್ತು, ಕಛೇರಿ ಮುಂದಿನೂರಾಗ ಆತು' ಅಂತ ಒಂದ ಸಾಲು!"

"ನೀವು ಪೂರ್ತಿ ಓದೀರೇನ್ರಿ?" ಮಾಮಾ ಆಸೆಯಿಂದ ಕೇಳಿದ.

"ಎರಡ ಸಲ ಓದೀನ್ರಿ! ಸಿಟ್ಟಿಗಿ!"

ಮಾಮಾ ಅವರ ಕೈ ಹಿಡಿದು ಚಹಾ ಕುಡಿಸಿ ಕಳಿಸಿದ. ಎರಡು ಸಲ ಓದಿದವರನ್ನು ಅವನು ಕಂಡದ್ದು ಅದೇ ಮೊದಲು.

ಇಷ್ಟೆಲ್ಲ ಆದರೂ ಮಾಮಾನಿಗೆ ಸಮಾಧಾನವಿರಲಿಲ್ಲ. ಅವನಿಗೆ ಬೇಕಾಗಿದ್ದ ಓದುಗರು ಒಬ್ಬರೇ: ಕಿಣ್ಣಿ ಸುಲ್ತಾನದಲ್ಲಿರುವ ಅವನ ಅಕ್ಕ, ನಮ್ಮವ್ವ. ಸುತ್ತಿನ ಊರುಗಳಲ್ಲಿ ಭಜನೆಯವರು ನಡುವೆ ಪದ ಮರೆತರೆ ತಿರುಗಿ ನೋಡುವುದು ನಮ್ಮವ್ವನ ಕಡೆಗೆ. ಯಾವ ತತ್ವಪದವೇ ಇರಲಿ, ಮೊದಲ ನುಡಿಯಿಂದ ಕೊನೆಯ ನುಡಿಯವರೆಗೆ ಅವಳ ನಾಲಗೆಯ ಮೇಲಿದೆ. ಆದರೆ ಅವ್ವನಿಗೆ ಅಕ್ಷರ ಬರುವುದಿಲ್ಲ. ತಾಯಿಯಿಲ್ಲದ ತಮ್ಮನನ್ನು ಸಾಲಿಯ ಬಾಗಿಲವರೆಗೆ ಎತ್ತಿಕೊಂಡು ಹೋಗಿ, ಒಳಗೆ ಬಿಟ್ಟು, ತಾನು ಹೊಲದ ದಾರಿ ಹಿಡಿದವಳು ಅವಳು.

ಪ್ರತಿ ಸಂಚಿಕೆಯ ಮೊದಲ ಪ್ರತಿ ನಮ್ಮ ಮನೆಗೇ ಬರುತ್ತಿತ್ತು. ಮಾಮಾ ಅದನ್ನು ಅವ್ವನ ಮುಂದಿಟ್ಟು, ಹತ್ತನೆಯ ಕ್ಲಾಸಿನ ಫಲಿತಾಂಶಕ್ಕೆ ಕಾಯುವವನಂತೆ ಕೂರುತ್ತಿದ್ದ.

"ಹ್ಯಾಂಗದ ಅಕ್ಕ?"

"ಚಂದದಪಾ. ಕಾಗದ ಭಾಳ ನುಣ್ಣಗದ."

"ತೆರದು ನೋಡ ಅಕ್ಕ..."

"ಕೈಗಿ ಹಿಟ್ಟ ಹತ್ತ್ಯಾದೋ ತಮ್ಮಾ."

ಪತ್ರಿಕೆ ಬಂದ ದಿನವೆಲ್ಲ ಅವ್ವನ ಕೈಗೆ ಹಿಟ್ಟು ಹತ್ತಿರುತ್ತಿತ್ತು. ಆ ದಿನ ನಮ್ಮ ಮನೆಯಲ್ಲಿ ರೊಟ್ಟಿ ಬೇಕಾದ್ದಕ್ಕಿಂತ ಹೆಚ್ಚು! ಸಂಜೆಯ ಹೊತ್ತಿಗೆ ಆ ನುಣ್ಣಗಿನ ಕಾಗದ ಮೊಸರಿನ ಗಡಿಗೆಯ ಮೇಲೆ ಮುಚ್ಚಳವಾಗಿ ಕೂತಿರುತ್ತಿತ್ತು. ಮಾಮಾ ಓದಿ ಹೇಳಲು ಹೋದರೆ ಅವಳು ಎದ್ದೇ ಬಿಡುತ್ತಿದ್ದಳು: "ನನ್ನೇನ್ ಕಿವುಡಿ ಮಾಡೀದಿ? ಹಾಡು ಕೇಳೂದು, ಓದಿಸಿಕೊಳ್ಳೂದಲ್ಲ."

ಒಂದು ದಿನ ಮಾಮಾ ಅಂಗಡಿಯಲ್ಲಿ ಕಂಪ್ಯೂಟರ್ ಆರಿಸಿ ನನ್ನ ಕಡೆ ತಿರುಗಿದ.

"ಅಳಿಯಾ, ಈ ಪದಗೋಳು ಯಾರ ಬಾಯಾಗ ಅದಾವೋ ಅಕಿನೇ ಮೂರನೇ ಪುಟ ದಾಟಲಿಲ್ಲ ಅಂದ್ರ ಇದು ಯಾರ ಪುಸ್ತಕಲೇ? ಬರೂ ಸಂಚಿಕಿನೂ ಅಕ್ಕ ದಾಟಲಿಲ್ಲ ಅಂದ್ರ ಸಾಕು, ಪತ್ರಿಕಿ ಬಂದ್. ಮದಿವಿ ಕಾರ್ಡ್ ಮಾಡಕೋತ ಇರ್ತೀನಿ."

ನಗಿಸೋಣವೆಂದು ನಾನು ಏನೋ ಹೇಳಹೊರಟೆ. ಅವನು ಕೈ ಅಡ್ಡ ಹಿಡಿದ.

"ಊರ ಮಂದೀನೆಲ್ಲಾ ಮಾಡಿದಿ. ಅಕ್ಕನ್ನ ಮಾಡು."

ಅವ್ವನನ್ನು ನಾನು ಎಂದೂ ಮಾಡಿರಲಿಲ್ಲ. ಆದರೆ ಕಪಾಟು ಒರೆಸುವಾಗ ಒಮ್ಮೆ ಅವಳು ಪತ್ರಿಕೆ ತೆರೆದದ್ದನ್ನು ಕಂಡಿದ್ದೆ. ಎದ್ದು ನಿಂತೆ. ಇಲ್ಲದ ಸೆರಗಿಗೆ ಕೈ ಒರೆಸಿಕೊಂಡೆ. ಮೂರನೆಯ ಪುಟ ತೆರೆದೆ. ಅವ್ವನ ಕಣ್ಣು ಶೀರ್ಷಿಕೆಗಳ ಮೇಲೆ ಕ್ಷಣವೂ ನಿಲ್ಲದೆ ಜಾರಿ, ಬಲಗಡೆಯ ಅಂಚಿಗೆ ಬಂದು, ಅಲ್ಲಿ ಪುಟ್ಟದಾಗಿದ್ದ ಪುಟಸಂಖ್ಯೆಗಳ ಬಳಿ ತಡೆದಿತ್ತು. ಪರಿಚಯದವರು ಒಬ್ಬರೂ ಕಾಣದ ಮದುವೆ ಮನೆಯಲ್ಲಿ, ದೂರದಲ್ಲೊಬ್ಬರು ಗುರುತಿನವರಂತೆ ಕಂಡರೆ ಹೇಗೆ ನೋಡುತ್ತೇವೆ, ಹಾಗೆ. ಆಮೇಲೆ ಬೇಗ ಮುಚ್ಚಿ, ಮುಖಪುಟವನ್ನು ಅಂಗೈಯಿಂದ ಸವರಿ ಇಟ್ಟಿದ್ದಳು. ಅಷ್ಟನ್ನೂ ಮಾಡಿ ತೋರಿಸಿದೆ. ಅವ್ವನಿಗೆ ಪತ್ರಿಕೆಯೆಂದರೆ ಬೇಸರ ಎಂದುಕೊಂಡಿದ್ದೆನಲ್ಲ, ಅದು ಬೇಸರವಲ್ಲ, ಸಂಕೋಚ ಎಂದು ಮಾಡುತ್ತಿರುವಾಗಲೇ ನನ್ನ ಮುಖಕ್ಕೆ ತಿಳಿಯಿತು.

"ಇನ್ನೊಮ್ಮೆ ಮಾಡು," ಎಂದ ಮಾಮಾ. ಮಾಡಿದೆ.

"ಅಂಕಿ!" ಎಂದು ಕುರ್ಚಿಯಿಂದ ಎದ್ದ. "ಅಕ್ಕಗ ಅಂಕಿ ಬರ್ತಾವಲ್ಲೋ! ತೊಗರಿ ಕಾಟಾದ ಮುಂದ ನಿಂತು ದಲಾಲಿ ಬಾಯಿ ಬಿಡೂದ್ರಾಗ ತೂಕ ಓದಾಕಿ ಅಕಿ!"

ಆಮೇಲೆ ಅವನು ಮಾಡಿದ ಪರಿವಿಡಿಯನ್ನು ನೋಡಿ ಪುಸ್ತಕದಂಗಡಿಯವರು, "ಏನ್ರಿ ಇದು, ಸಣ್ಣ ಹುಡುಗರ ಅಂಕಲಿಪಿ ಆಗ್ಯಾದಲ್ಲ!" ಎಂದು ನಕ್ಕರು. ರೊಟ್ಟಿ ಗಾತ್ರವಲ್ಲದಿದ್ದರೂ ಹಪ್ಪಳದ ಗಾತ್ರದ ಪುಟಸಂಖ್ಯೆಗಳು. ಪ್ರತಿ ಸಂಖ್ಯೆಯ ಪಕ್ಕ ಒಂದು ಚಿತ್ರ: ಏಕತಾರಿ, ತಾಳ, ಡಗ್ಗಾ, ಹಾರ್ಮೋನಿಯಂ. ಒಳಗೆ ಆಯಾ ಲೇಖನದ ಪುಟದ ಮೂಲೆಯಲ್ಲೂ ಅದೇ ಚಿತ್ರ, ಅದೇ ಬಣ್ಣ. ಶೀರ್ಷಿಕೆಗಳು ತಮ್ಮ ಪಾಡಿಗೆ ತಾವು ಬದಿಯಲ್ಲಿ ಸಣ್ಣಗೆ. ಮಾಮಾ ಈ ಸಲ ನನ್ನನ್ನು ಬಸ್ ನಿಲ್ದಾಣಕ್ಕೆ ಕಳಿಸಲಿಲ್ಲ. ಒಂದು ಪ್ರತಿಯನ್ನು ನನ್ನ ಕೈಗಿಟ್ಟು, "ಅಕ್ಕಗ ಏನೂ ಹೇಳಬ್ಯಾಡ. ಹೊರಸಿನ ಮ್ಯಾಲೆ ಒಗದು ಬಾ" ಎಂದ. ಹಾಗೇ ಮಂಚದ ಮೇಲೆ ಎಸೆದು ಬಂದೆ.

ಎರಡು ದಿನ ಬಿಟ್ಟು ಮಧ್ಯಾಹ್ನ ನಾವಿಬ್ಬರೂ ಕಿಣ್ಣಿ ಸುಲ್ತಾನಕ್ಕೆ ಬಂದೆವು. ದಾರಿಯುದ್ದಕ್ಕೂ ಮಾಮಾ ಮಾತಾಡಲಿಲ್ಲ. ಮಾಮಾ ಮಾತಾಡದಿದ್ದರೆ ಬಸ್ಸಿನವರಿಗೂ ಏನೋ ಕೆಟ್ಟಿದೆ ಎನ್ನಿಸುತ್ತದೆ! ಮನೆಯ ಬಾಗಿಲು ತೆರೆದಿತ್ತು. ಅವ್ವ ಬಾಗಿಲಿಗೆ ಬೆನ್ನು ಅರ್ಧ ತಿರುಗಿಸಿ, ಬೆಳಕು ಬೀಳುವಲ್ಲಿ ಕುಳಿತಿದ್ದಳು. ಕೈಗೆ ಹಿಟ್ಟು ಹತ್ತಿರಲಿಲ್ಲ. ತೊಡೆಯ ಮೇಲೆ ಪತ್ರಿಕೆ. ಏಕತಾರಿಯ ಚಿತ್ರದ ಮೇಲೆ ಬೆರಳಿಟ್ಟು, ಪಕ್ಕದ ಹದಿನಾಲ್ಕನ್ನು ಬಾಯಲ್ಲೇ ಹೇಳಿಕೊಂಡು, ಹೆಬ್ಬೆರಳಿಗೆ ಉಗುಳು ಹಚ್ಚಿ ಪುಟ ತಿರುವಿದಳು. ಒಂದು, ಇನ್ನೊಂದು, ಮತ್ತೊಂದು. ಮೂಲೆಯ ಏಕತಾರಿ ಸಿಕ್ಕಿತು. ಅಲ್ಲಿದ್ದ ಮಟಕಿಯ ಹಾಡುಗಾರ್ತಿಯ ಫೋಟೋವನ್ನು ದಿಟ್ಟಿಸಿ, ಗುರುತು ಹಿಡಿದು, ಅವಳ ಪದವೊಂದನ್ನು ಸಣ್ಣಗೆ ಗುನುಗಿದಳು. ಮತ್ತೆ ಮೂರನೆಯ ಪುಟಕ್ಕೆ ಬಂದು ತಾಳದ ಮೇಲೆ ಬೆರಳಿಟ್ಟಳು.

"ಅವ್ವಾ!" ಎಂದು ಕೂಗಲು ಬಾಯಿ ತೆರೆದೆ. ಮಾಮಾ ಅಂಗೈಯಿಂದ ನನ್ನ ಬಾಯಿ ಮುಚ್ಚಿ, ಬೇವಿನ ಮರದವರೆಗೆ ಎಳೆದುಕೊಂಡೇ ಹೋದ.

"ಮಾಮಾ, ಅವ್ವನ ಮುಖ ನೋಡು ಹೋಗೋ," ಎಂದು ಪಿಸುಗುಟ್ಟಿದೆ. "ಆಮ್ಯಾಲೆ ಮಾಡಿ ತೋರಿಸು ಅಂದ್ರ ನನ್ನಿಂದ ಆಗೂದಿಲ್ಲ."

ಅವನು ಮನೆಯ ಕಡೆ ಬೆನ್ನು ಮಾಡಿ ನಿಂತಿದ್ದ. ಕನ್ನಡಕ ತೆಗೆದು ಅಂಗಿಯ ತುದಿಗೆ ಒರೆಸುತ್ತಿದ್ದ; ಒರೆಸಿದ್ದನ್ನೇ ಒರೆಸುತ್ತಿದ್ದ.

"ಗದ್ದಲ ಮಾಡಬ್ಯಾಡಲೇ," ಎಂದ. "ಅಕ್ಕ ಓದಾಕತ್ತಾಳ."