ಗುವಾಮಿನ ಕೋಳಿಯೂ ನಮ್ಮ ಮಾಂಯಿಯೂ

ಒಂದೇ ಬೆಡ್‌ರೂಮಿನ ಫ್ಲ್ಯಾಟಿಗೆ ಅತ್ತೆ ವಿಸಿಟ್ ವೀಸಾದಲ್ಲಿ ಬಂದರೆ ಟಿ.ವಿ. ಹಾಕುವ ಅಗತ್ಯ ಬೀಳುವುದಿಲ್ಲ. ಬೇಡವೆಂದರೂ ದಿನಕ್ಕೊಂದು ನಾಟಕ ನಡೆಯುತ್ತದೆ. ನಾವು ಮಂಗಳೂರು ಕಡೆಯ ಕೊಂಕಣಿಯವರು, ಅತ್ತೆಯನ್ನು ಮಾಂಯ್ ಎನ್ನುತ್ತೇವೆ. ದುಬೈಯ ಅಲ್ ನಹ್ದಾದ ನಮ್ಮ ಮನೆಗೆ ಮೂರು ತಿಂಗಳಿಗೆಂದು ಬಂದ ಮಾಂಯ್, ನನಗೆ ಮೂವತ್ತು ವರ್ಷಕ್ಕೆ ಸಾಕಾಗುವಷ್ಟು ನಗು ಕೊಟ್ಟು ಹೋದರು. ನಕ್ಕದ್ದು ಮಾತ್ರ ಅವರು ವಿಮಾನ ಹತ್ತಿದ ಮೇಲೆ.

ತೆಂಗಿನಮರ

ಬಂದ ಮೊದಲ ವಾರ ಮಾಂಯ್ ಏನೂ ತಿನ್ನಲಿಲ್ಲ. ಫ್ರೋಜನ್ ಕೋಳಿಯ ಸಾರು ಮಾಡಿ ಬಡಿಸಿದರೆ, "ಇದು ಸತ್ತು ಎಷ್ಟು ವರ್ಷ ಆಯ್ತು ಬಾಯೆ?" ಎಂದರು. ಮೀನು ಹುರಿದರೆ, "ಪಾಪ, ಇದಕ್ಕೂ ಊರು ನೆನಪಾಗಿದೆ" ಎಂದರು. ಬರೇ ಗಂಜಿ, ಉಪ್ಪಿನಕಾಯಿ. ಕೆನ್ನೆ ಒಳಗೆ ಹೋಯಿತು.

ನನಗೆ ನಡುಕ ಹುಟ್ಟಿದ್ದು ಊರಿನ ಇಗರ್ಜಿಯ, ಅಂದರೆ ಚರ್ಚಿನ, ಅಂಗಳ ನೆನೆದು. ಆದಿತ್ಯವಾರ ಪೂಜೆ ಮುಗಿದ ಮೇಲೆ ಅಲ್ಲಿ ನಿಲ್ಲುವ ಹೆಂಗಸರು ಮಾಂಯಿಯ ಕೆನ್ನೆ ನೋಡಿದರೆ ಸಾಕು, ಸೊಸೆ ಅತ್ತೆಯನ್ನು ದುಬೈಗೆ ಕರೆಸಿ ಉಪವಾಸ ಕೆಡವಿದಳು ಎಂಬ ಸುದ್ದಿ ಮಧ್ಯಾಹ್ನದ ಊಟಕ್ಕೆ ಮೊದಲೇ ಮೂರು ಊರು ದಾಟುತ್ತದೆ.

ನನ್ನ ಗಂಡನಿಗೆ ಒಂದು ಉಪಾಯ ಹೊಳೆಯಿತು. ಅವರ ಜೊತೆ ಕೆಲಸ ಮಾಡುತ್ತಿದ್ದ ಒಬ್ಬ ಫಿಲಿಪೀನಿ ಅಲ್ ಮುರಕ್ಕಬಾತ್‌ನಲ್ಲಿ ಚಿಕ್ಕ ಹೋಟೆಲು ತೆರೆದಿದ್ದ. ಅವನ ಹೆಂಡತಿ ಗುವಾಮ್ ದ್ವೀಪದ ಚಮೊರೋ ಜನದವಳು, ಶುಕ್ರವಾರ ತನ್ನ ಊರಿನ ಅಡುಗೆ ಮಾಡುತ್ತಾಳಂತೆ. ನಾನು ಹತ್ತನೇ ಪಾಸು. ಭೂಗೋಳದಲ್ಲಿ ಗುವಾಮ್ ಬಂದ ನೆನಪೇ ಇರಲಿಲ್ಲ. ಮಾಂಯಿಯೇ ಮಗನ ವಿಚಾರಣೆ ಶುರುಮಾಡಿದರು.

"ಅದೆಲ್ಲಿ ಉಂಟು ಪುತಾ?"

"ದೊಡ್ಡ ಸಮುದ್ರದ ನಡುವೆ, ಅಮ್ಮ."

"ತೆಂಗಿನಮರ ಉಂಟಾ?"

"ಬೇಕಾದಷ್ಟು ಉಂಟು."

"ಇಗರ್ಜಿ?"

"ಊರಿಗೊಂದು. ಹೆಚ್ಚಿನವರು ನಮ್ಮ ಹಾಗೆಯೇ ಕ್ರಿಶ್ಚಿಯನ್ನರು."

ಮಾಂಯ್ ಎದ್ದು ಸೀರೆ ಬದಲಿಸಲು ಹೋದರು. "ಅದನ್ನು ಮೊದಲೇ ಹೇಳಬಾರದಾ? ಸುಮ್ಮನೆ ಸಮುದ್ರ ಅದು ಇದು ಅಂತ ಹೆದರಿಸಿದೆ."

ಕೆಂಪು ಅನ್ನ

ಹೋಟೆಲಿನಲ್ಲಿ ಕೆಂಪು ಅನ್ನ ಸಿಗುತ್ತದೆ ಎಂದು ದಾರಿಯಲ್ಲಿ ನನ್ನ ಗಂಡ ಬಾಯಿ ಬಿಟ್ಟಿದ್ದರು. ಮಾಂಯ್ ನಮ್ಮ ಕುಚ್ಚಲಕ್ಕಿಯ ಕನಸು ಕಾಣುತ್ತ ಕುಳಿತರು. ಬಂದದ್ದು ಯಾವುದೋ ಬೀಜದ ಬಣ್ಣ ಬಿಟ್ಟ, ಕಿತ್ತಳೆಗೂ ಕೆಂಪಿಗೂ ನಡುವಿನ ಅನ್ನ. ಮಾಂಯ್ ಒಂದು ಅಗುಳು ತೆಗೆದು ಬೆರಳಲ್ಲಿ ತಿಕ್ಕಿದರು.

"ಇದು ಕೆಂಪಕ್ಕಿ ಅಲ್ಲ. ಬಿಳಿ ಬೆಳ್ತಿಗೆ ಅಕ್ಕಿಗೆ ಲಿಪ್‌ಸ್ಟಿಕ್ ಹಚ್ಚಿದ್ದಾರೆ."

ನಾನು ಮೇಜಿನ ಕೆಳಗೆ ಗಂಡನ ಕಾಲು ತುಳಿದೆ. ಆಗ ಎರಡನೇ ತಟ್ಟೆ ಬಂತು. ಕೆಲಗ್ವೆನ್ ಎನ್ನುತ್ತಾರೆ. ಕೆಂಡದಲ್ಲಿ ಸುಟ್ಟ ಕೋಳಿಯನ್ನು ಸಣ್ಣಗೆ ಕೊಚ್ಚಿ, ನಿಂಬೆಹುಳಿ, ಈರುಳ್ಳಿ, ಕಾರದ ಮೆಣಸು, ಆಗಷ್ಟೇ ತುರಿದ ತೆಂಗಿನಕಾಯಿ ಹಾಕಿ ಕಲಸಿದ್ದು. ಜೊತೆಗೆ ತೆಂಗಿನಹಾಲಿನ ಮೆತ್ತಗಿನ ರೊಟ್ಟಿ. ಮಾಂಯ್ ಒಂದು ತುತ್ತು ಬಾಯಿಗೆ ಹಾಕಿ ಕಣ್ಣು ಮುಚ್ಚಿದರು. ನಾನು ದೇವರನ್ನು ನೆನೆದೆ.

"ಇದು ನಮ್ಮ ಕೋಳಿ ಸುಕ್ಕಾ. ಮಸಾಲೆ ಹಾಕಲು ಮರೆತಿದ್ದಾಳೆ, ಪಾಪ."

ಪಾಪ ಎನ್ನುತ್ತಲೇ ತಟ್ಟೆ ಖಾಲಿಯಾಯಿತು. ಪಾಪ ಎನ್ನುತ್ತಲೇ ಇನ್ನೊಂದು ತರಿಸಿದರು. ಮೂರನೆಯದಕ್ಕೆ ನನ್ನ ತಟ್ಟೆಯನ್ನೇ ಎಳೆದುಕೊಂಡು, "ನೀನು ಡಯಟ್ ಅಂದಿದ್ದೆಯಲ್ಲ" ಎಂದರು.

ಕೈ ಮೂಸಿದ್ದು

ಹೊರಡುವಾಗ ಹೋಟೆಲಿನವಳು ಅಡುಗೆಮನೆಯಿಂದ ಓಡಿಬಂದಳು. ದಪ್ಪ ದೇಹ, ದೊಡ್ಡ ನಗು. ಬಂದವಳೇ ಬಗ್ಗಿ ಮಾಂಯಿಯ ಕೈ ಹಿಡಿದು, ಮೂಗಿಗೆ ತಾಗಿಸಿ, ಒಮ್ಮೆ ಉಸಿರು ಎಳೆದುಕೊಂಡಳು.

ಮಾಂಯ್ ಕಲ್ಲಾದರು. ನನ್ನ ಮಗಳು, ಕೆಜಿಯಲ್ಲಿರುವವಳು, ಎಲ್ಲರಿಗೂ ಕೇಳುವಂತೆ, "ಮಮ್ಮಾ, ವೈ ಈಸ್ ಶಿ ಸ್ಮೆಲ್ಲಿಂಗ್ ಗ್ರ್ಯಾನಿ?" ಎಂದಳು.

ಕಾರು ಹತ್ತಿದ ಕೂಡಲೇ ಮಾಂಯ್ ಎರಡೂ ಕೈ ಮೂಸಿ ನೋಡಿದರು. "ಸಾಬೂನು ಹಾಕಿ ತೊಳೆದಿದ್ದೆ ಮಾರಾಯ್ತಿ. ಆದರೂ ಪರೀಕ್ಷೆ ಮಾಡಿದಳಲ್ಲ."

ಅದು ಪರೀಕ್ಷೆಯಲ್ಲ, ಅವರ ಊರಿನಲ್ಲಿ ಹಿರಿಯರಿಗೆ ಗೌರವ ತೋರಿಸುವುದೇ ಹಾಗೆ, ನಾವು ಕೈಮುಗಿದು ಆಶೀರ್ವಾದ ಕೇಳಿದ ಹಾಗೆ ಎಂದು ನನ್ನ ಗಂಡ ಬಿಡಿಸಿ ಹೇಳಿದರು. ಮುಂದಿನ ಶುಕ್ರವಾರ ಮಾಂಯ್ ಕೈಗೆ ಪೌಡರು ಹಾಕಿಕೊಂಡು ಹೊರಟರು. ಅದರ ಮುಂದಿನ ಶುಕ್ರವಾರ ನನ್ನ ಸೆಂಟಿನ ಬಾಟಲಿ ಅರ್ಧ ಆಗಿತ್ತು.

ಆಮೇಲೆ ಮನೆಯಲ್ಲೂ ಶುರುವಾಯಿತು. ಬೆಳಿಗ್ಗೆ ನಾನು ಚಹಾ ಕೊಟ್ಟರೆ ಲೋಟ ತೆಗೆದುಕೊಳ್ಳುವ ಮೊದಲು ಕೈ ಮುಂದೆ ಬರುತ್ತಿತ್ತು. ಎರಡು ದಿನ ಕಾಣದವಳಂತೆ ಇದ್ದೆ. ಮೂರನೇ ದಿನ ಬಗ್ಗಿ ಮೂಸಿದೆ.

"ಏನು ಬಾಯೆ?" ಎಂದು ಮಾಂಯ್ ರಾಣಿಯ ಹಾಗೆ ಕೇಳಿದರು.

"ನಿನ್ನೆ ರಾತ್ರಿಯ ಬಂಗುಡೆ ಮೀನು, ಮಾಂಯ್" ಎಂದೆ.

ನೀಲಿ ಮುಚ್ಚಳ

ಬಂದವರನ್ನು ಬರಿಗೈಯಲ್ಲಿ ಕಳಿಸುವುದು ಆ ಹೆಂಗಸಿನ ಊರಿನಲ್ಲಿ ಇಲ್ಲ. ಊಟ ಮಾಡಿದರೂ ಸರಿ, ಮನೆಗೆ ಕಟ್ಟಿಕೊಡಲೇಬೇಕು. ಮೊದಲ ದಿನವೇ ನೀಲಿ ಮುಚ್ಚಳದ ಡಬ್ಬಿಯಲ್ಲಿ ಕೋಳಿ ತುಂಬಿಸಿ ಕೊಟ್ಟಿದ್ದಳು. ಇನ್ನೊಬ್ಬರ ಪಾತ್ರೆಯನ್ನು ಖಾಲಿ ಹಿಂತಿರುಗಿಸುವುದು ನಮ್ಮ ಮಾಂಯಿಯ ಊರಿನಲ್ಲಿ ಇಲ್ಲ. ಅವರು ಅದರಲ್ಲಿ ಇಡ್ಲಿಯಂಥ ಸಾನ್ನಾ ತುಂಬಿಸಿ ಕಳಿಸಿದರು. ಅವಳು ಮೀನು ತುಂಬಿಸಿದಳು. ಇವರು ಪತ್ರೊಡೆ ತುಂಬಿಸಿದರು. ಎರಡು ಊರುಗಳ ನಡುವೆ ಸಿಕ್ಕಿಬಿದ್ದವರು ನನ್ನ ಗಂಡ. ವಾರವಿಡೀ ಡ್ಯೂಟಿ ಮುಗಿಸಿ ಡಬ್ಬಿ ಹೊತ್ತು ತಿರುಗಿದರು.

ಒಂದು ದಿನ ನಾನೇ ಖಲಾಸ್ ಮಾಡಿಬಿಡುವ ಎಂದು ಡಬ್ಬಿ ತೊಳೆದು, ಒರಸಿ, ಮಾಂಯಿಗೆ ಹೇಳದೆ ಹೋಟೆಲಿನ ಕೌಂಟರಿನಲ್ಲಿಟ್ಟು ಬಂದೆ. ಖಾಲಿ.

ಸಂಜೆ ಬಾಗಿಲ ಗಂಟೆ ಬಡಿಯಿತು. ಹೋಟೆಲಿನವಳು ನಿಂತಿದ್ದಳು, ಕೈಯಲ್ಲಿ ಒಂದು ಪಾತ್ರೆ ಸೂಪು, ಕಣ್ಣಲ್ಲಿ ನೀರು. ಡಬ್ಬಿ ಖಾಲಿ ಬಂದದ್ದು ನೋಡಿ ಅಮ್ಮ ಹಾಸಿಗೆ ಹಿಡಿದಿದ್ದಾರೆ ಎಂದೇ ತಿಳಿದಿದ್ದಳು. ಸೋಫಾದಲ್ಲಿ ಕುಳಿತು ಕಡಲೆ ತಿನ್ನುತ್ತಿದ್ದ ಮಾಂಯ್ ನನ್ನನ್ನೇ ನೋಡಿದರು.

"ನಾನು ಸತ್ತೆ ಅಂತ ಹೇಳಿ ಬಂದೆಯಾ?"

ಈಗ ಡಬ್ಬಿಯ ಜೊತೆ ಸೂಪಿನ ಪಾತ್ರೆಯೂ ತಿರುಗಲು ಶುರುವಾಯಿತು.

ಇಗರ್ಜಿಯ ಅಂಗಳ

ವೀಸಾ ಮುಗಿಯುವಷ್ಟರಲ್ಲಿ ಮಾಂಯಿಯ ರವಿಕೆಗಳನ್ನೆಲ್ಲ ಎರಡು ಸಲ ಬಿಚ್ಚಿ ಹೊಲಿದಿದ್ದೆ. ಕೆನ್ನೆ ನೋಡಿ ನನಗೇ ಹೆಮ್ಮೆಯಾಯಿತು. ಏರ್‌ಪೋರ್ಟಿಗೆ ಹೋಟೆಲಿನವಳೂ ಬಂದು ಕೈ ಮೂಸಿ ಅತ್ತಳು. ನೀಲಿ ಮುಚ್ಚಳದ ಡಬ್ಬಿ ತುಂಬಿಕೊಂಡು ಮಂಗಳೂರಿಗೆ ಹೋಯಿತು. ಅದನ್ನು ಖಾಲಿ ಕಳಿಸುವ ಹಾಗಿಲ್ಲವಾದ್ದರಿಂದ ಬರುವ ವರ್ಷ ತಾನೇ ತರುವುದಾಗಿ ಮಾಂಯ್ ಹೇಳಿದರು.

ಆದಿತ್ಯವಾರ ನಾನು ಫೋನನ್ನೇ ನೋಡುತ್ತ ಕುಳಿತೆ. ಕೊನೆಗೂ ನಾದಿನಿಯ ಕರೆ ಬಂತು.

"ಅತ್ತಿಗೆ, ಇವತ್ತು ಇಗರ್ಜಿಯ ಅಂಗಳದಲ್ಲಿ ಅಮ್ಮನದ್ದೇ ಪ್ರಸಂಗ. ಫಾದರ್ ಕೂಡ ಅಷ್ಟು ಹೊತ್ತು ಮಾತಾಡಲಿಲ್ಲ. ತೆಂಗಿನಕಾಯಿ ಹಾಕಿದ ಕೋಳಿ ಏನು, ಹಿರಿಯರಿಗೆ ಕೊಡುವ ಗೌರವ ಏನು, ಕೈಗೆ ಕೊಟ್ಟು ಕಳಿಸುವುದು ಏನು. ದುಬೈಯಲ್ಲಿ ಅಂಥ ಹೆಣ್ಣು ಇರ್ತದೆ ಅಂತ ಗೊತ್ತೇ ಇರಲಿಲ್ಲ ಅಂದರು."

ನನ್ನ ಕಣ್ಣು ತುಂಬಿತು. ಸೆರಗಿನಿಂದ ಒರಸಿಕೊಳ್ಳುವಾಗ ಲೆಕ್ಕ ಎಲ್ಲೋ ತಪ್ಪಿದ ಹಾಗೆ ಅನಿಸಿತು.

"ಅದು ಹೋಟೆಲಿನವಳ ವಿಷಯ ಅಲ್ಲವಾ?"

"ಹೌದು. ಮತ್ತೆ?"

"ನನ್ನ ವಿಷಯ ಏನೂ ಹೇಳಲಿಲ್ಲವಾ?"

"ಹೇಳಿದರು ಅತ್ತಿಗೆ, ನಿನ್ನನ್ನೂ ಹೊಗಳಿದರು."

"ಏನಂತ?"

"ಆ ಹೋಟೆಲಿಗೆ ಹೋಗುವ ದಾರಿ ನಿನಗೆ ಚೆನ್ನಾಗಿ ಗೊತ್ತುಂಟಂತೆ."